ಶಸ್ತ್ರಚಿಕಿತ್ಸೆಗೆ ಮುನ್ನ ದಾಖಲೆ: ಲಿಂಗ ನಮೂದಿನ ತಿದ್ದುಪಡಿ ಮತ್ತು ಬೆಂಗಳೂರು ಗ್ರಾಮಾಂತರ ಜಿಲ್ಲೆ

ಪೀಠಿಕೆ

ಲಿಂಗತ್ವ ಅಲ್ಪಸಂಖ್ಯಾತರು ಗುರುತಿನ ದಾಖಲೆ ತಿದ್ದಿಸಿಕೊಳ್ಳಬೇಕಾದರೆ ಮೊದಲು 'ಆಪರೇಷನ್' ಆಗಿರಬೇಕು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. 2014ರಿಂದ 2024ರವರೆಗೆ ರೂಪುಗೊಂಡ ಕಾನೂನು ಈ ಮಾತನ್ನು ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ದಾಖಲೆ ಶಸ್ತ್ರಚಿಕಿತ್ಸೆಯ ಫಲವಲ್ಲ, ಬದುಕು ನಡೆಸಲು ಅದಕ್ಕೂ ಮೊದಲೇ ಬೇಕಾದ ಆಧಾರ ಎಂಬುದು ಇಲ್ಲಿನ ವಾದ.

ತೀರ್ಪು ಮತ್ತು ಕಾಯ್ದೆ

2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರು ಲಿಂಗತ್ವವನ್ನು ಸ್ವಯಂ ನಿರ್ಧರಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿದರು. ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವುದು ಅನೈತಿಕ ಮಾತ್ರವಲ್ಲ, ಕಾನೂನುಬಾಹಿರ ಎಂದರು. 2020ರ ಜನವರಿ 10ರಂದು ಜಾರಿಗೆ ಬಂದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ ಈ ಹಕ್ಕನ್ನು ಎರಡು ಮೆಟ್ಟಿಲಾಗಿ ಒಡೆಯಿತು. ಕಲಂ 6ರಡಿ ಜಿಲ್ಲಾಧಿಕಾರಿ ನೀಡುವ ಪ್ರಮಾಣಪತ್ರ ಅರ್ಜಿದಾರರನ್ನು 'ಟ್ರಾನ್ಸ್‌ಜೆಂಡರ್' ಎಂದಷ್ಟೇ ಗುರುತಿಸುತ್ತದೆ. 'ಹೆಣ್ಣು' ಅಥವಾ 'ಗಂಡು' ಎಂದು ನಮೂದಾಗಬೇಕಾದರೆ ಕಲಂ 7ರಂತೆ ಶಸ್ತ್ರಚಿಕಿತ್ಸೆಯ ನಂತರ ಪರಿಷ್ಕೃತ ಪ್ರಮಾಣಪತ್ರ ಪಡೆಯಬೇಕು.

ತೀರ್ಪು ತೆರೆದ ಬಾಗಿಲನ್ನು ಕಾಯ್ದೆ ಅರ್ಧ ಮುಚ್ಚಿದ್ದು ಇಲ್ಲೇ. ಆದರೆ ಅದೇ ಕಾಯ್ದೆಯಡಿ ಬಂದ 2020ರ ನಿಯಮಗಳ ಭಾಷೆ ಬೇರೆಯಿದೆ. ಅಲ್ಲಿರುವುದು 'ವೈದ್ಯಕೀಯ ಹಸ್ತಕ್ಷೇಪ'. ಅದರ ವ್ಯಾಖ್ಯೆಯಲ್ಲಿ ಆಪ್ತಸಮಾಲೋಚನೆ, ಹಾರ್ಮೋನ್ ಚಿಕಿತ್ಸೆಗಳೂ ಸೇರಿವೆ. ಹಾರ್ಮೋನ್ ಚಿಕಿತ್ಸೆಯಲ್ಲಿರುವವರ ಪರಿಷ್ಕೃತ ಪ್ರಮಾಣಪತ್ರದ ಅರ್ಜಿಯನ್ನು ಪರಿಗಣಿಸಲು ಈ ವ್ಯಾಖ್ಯೆ ಅವಕಾಶ ಕೊಡುತ್ತದೆ. ಕಾಯ್ದೆಯನ್ನು ನಾಲ್ಸಾ ತೀರ್ಪಿಗೆ ಹೊಂದುವಂತೆ ಓದುವುದಾದರೆ ಇದೇ ಸರಿಯಾದ ಓದು.

ಜಿಲ್ಲೆಯ ಮಟ್ಟದಲ್ಲಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳ ಅರ್ಜಿ ತೀರ್ಮಾನವಾಗುವುದು ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದ ಬಳಿಯಿರುವ ಜಿಲ್ಲಾಡಳಿತ ಭವನದಲ್ಲಿ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಟ್ರಾನ್ಸ್ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳೋಣ. ಅವರು ನಮೂನೆ 1ರಲ್ಲಿ ಅರ್ಜಿ, ನಮೂನೆ 2ರಲ್ಲಿ ಅಫಿಡವಿಟ್ ಸಲ್ಲಿಸಿದರೆ ಸಾಕು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ರಾಷ್ಟ್ರೀಯ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ದೈಹಿಕ ತಪಾಸಣೆಗೆ 2020ರ ನಿಯಮಗಳಲ್ಲಿ ಜಾಗವೇ ಇಲ್ಲ. 30 ದಿನದೊಳಗೆ ಪ್ರಮಾಣಪತ್ರ ಕೊಡಬೇಕು. ಅದನ್ನು ತೋರಿಸಿದರೆ ಆಧಾರ್, ಪ್ಯಾನ್, ಪಡಿತರ ಚೀಟಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್‌ಗಳನ್ನು ಸಂಬಂಧಪಟ್ಟವರು 15 ದಿನದಲ್ಲಿ ತಿದ್ದಿಕೊಡಬೇಕು. ತಿದ್ದಿದ ದಾಖಲೆಗೂ ಮೂಲ ಸಂಖ್ಯೆಯೇ ಇರಬೇಕೆಂಬುದು ಬಹುಮುಖ್ಯ. ಹೆಸರು ಬದಲಾದರೂ ಓದು, ದುಡಿಮೆ, ಉಳಿತಾಯಗಳ ಇತಿಹಾಸ ಅಳಿಯದಂತೆ ಕಾಯುವುದು ಈ ನಿಯಮ.

ತೊಡಕು ಇರುವುದು ವಾಸದ ಷರತ್ತಿನಲ್ಲಿ. ಅರ್ಜಿದಾರರು ಆ ಜಿಲ್ಲೆಯಲ್ಲಿ ಸತತ ಒಂದು ವರ್ಷ ನೆಲೆಸಿರಬೇಕು. ಮನೆಯವರು ಹೊರಹಾಕಿದ ಮೇಲೆ ನಗರದಲ್ಲಿ ಕರಾರುಪತ್ರವಿಲ್ಲದ ಬಾಡಿಗೆ ಕೋಣೆಯಲ್ಲಿರುವವರ ಹೆಸರು ಹಳ್ಳಿಯ ಪಡಿತರ ಚೀಟಿಯಲ್ಲೇ ಉಳಿದಿರುತ್ತದೆ. ಅಂಥವರು ಎರಡು ಜಿಲ್ಲೆಗಳ ನಡುವೆ ಸಿಕ್ಕಿಬೀಳುತ್ತಾರೆ.

ಚಿಕಿತ್ಸೆಯ ನೆರವಿನ ದಾರಿಯೂ ಶಸ್ತ್ರಚಿಕಿತ್ಸೆಗೆ ಮೊದಲೇ ದಾಖಲೆ ಎಂಬ ಕ್ರಮವನ್ನು ಸಮರ್ಥಿಸುತ್ತದೆ. 2022ರಲ್ಲಿ ರೂಪಿಸಿದ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಯೋಜನೆ ವರ್ಷಕ್ಕೆ ₹5 ಲಕ್ಷದವರೆಗಿನ ವಿಮೆಯಲ್ಲಿ ಲಿಂಗ ದೃಢೀಕರಣ ಶಸ್ತ್ರಚಿಕಿತ್ಸೆಯನ್ನೂ ಸೇರಿಸಿತು. ಆ ಸೌಲಭ್ಯಕ್ಕೆ ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರ ಬೇಕು. ಸರ್ಕಾರದ ಯೋಜನೆಯೇ ದಾಖಲೆ ಮೊದಲು, ಚಿಕಿತ್ಸೆ ಆಮೇಲೆ ಎನ್ನುತ್ತಿದೆ.

ಜನನ ಪ್ರಮಾಣಪತ್ರದ ಪ್ರಶ್ನೆ

ಉಳಿದ ದಾಖಲೆಗಳು ತಿದ್ದಾದರೂ ಜನನ ನೋಂದಣಿಯಲ್ಲಿ ತಡೆ ಎದುರಾಗುತ್ತದೆ. 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ಕಲಂ 15 ತಪ್ಪು ನಮೂದುಗಳ ತಿದ್ದುಪಡಿಗಷ್ಟೇ ಅವಕಾಶ ಕೊಡುತ್ತದೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾದ ಪ್ರಕರಣ ಕರ್ನಾಟಕ ಹೈಕೋರ್ಟ್‌ಗೆ ಬಂತು. 2024ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, ಕಾನೂನು ತಿದ್ದುಪಡಿಯಾಗುವವರೆಗೆ ಹಿಂದಿನ ಮತ್ತು ಈಗಿನ ಹೆಸರು, ಲಿಂಗ ಎರಡನ್ನೂ ನಮೂದಿಸಿ ಪರಿಷ್ಕೃತ ಪ್ರಮಾಣಪತ್ರ ಕೊಡುವಂತೆ ಆದೇಶಿಸಿದರು. ಇದು ದೊಡ್ಡ ನೆರವು. ಆದರೆ ಹಳೆಯ ಹೆಸರು ಕಾಣುವಷ್ಟು ದಿನ ಕೆಲಸ ಕೇಳಲು ಹೋದಲ್ಲೆಲ್ಲ ಖಾಸಗಿ ಬದುಕು ಬಯಲಾಗುವ ಭಯ ತಪ್ಪದು.

ಉಪಸಂಹಾರ

ಅರ್ಜೆಂಟೀನಾ 2012ರಲ್ಲೇ ಶಸ್ತ್ರಚಿಕಿತ್ಸೆಯ ಷರತ್ತಿಲ್ಲದೆ ಗಂಡು, ಹೆಣ್ಣು ನಮೂದನ್ನು ಬದಲಿಸಿಕೊಳ್ಳಲು ಅನುವು ಮಾಡಿಕೊಟ್ಟಿತು. ನಾಲ್ಸಾ ತೀರ್ಪಿನ ಆಶಯವೂ ಅದೇ. ಕಲಂ 7ರ ಷರತ್ತನ್ನು ಸಂಸತ್ತು ತೆಗೆಯಬೇಕು. ಅಲ್ಲಿಯವರೆಗೆ ಜಿಲ್ಲಾಡಳಿತ ಮಾಡಬಹುದಾದದ್ದು ಬೇಕಾದಷ್ಟಿದೆ: ವಾಸಕ್ಕೆ ಸ್ವಯಂ ಘೋಷಣೆಯನ್ನು ಒಪ್ಪುವುದು, ನಾಡಕಚೇರಿಗಳಲ್ಲೇ ಅರ್ಜಿ ತುಂಬಲು ನೆರವಾಗುವುದು, 15 ದಿನದ ಗಡುವನ್ನು ಎಲ್ಲ ಇಲಾಖೆಗಳಿಗೂ ಲಿಖಿತವಾಗಿ ನೆನಪಿಸುವುದು. ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ವ್ಯಕ್ತಿ ತನ್ನ ವೈದ್ಯರೊಡನೆ ಕೂತು ತೀರ್ಮಾನಿಸಬೇಕು. ದಾಖಲೆಯ ಆಸೆಯಾಗಲಿ, ದಾಖಲೆ ಇಲ್ಲದ ಸಂಕಟವಾಗಲಿ ಆ ತೀರ್ಮಾನವನ್ನು ಒತ್ತಾಯಿಸಬಾರದು.