ಗರಡಿಯ ಗಾಯಗಳು: ಒಂದು ಚಾರಿತ್ರಿಕ ನೋಟ

ಕುಸ್ತಿಯ ಚರಿತ್ರೆಯನ್ನು ಬರೆದವರೆಲ್ಲರೂ ಗೆದ್ದವರ ಚರಿತ್ರೆಯನ್ನೇ ಬರೆದಿದ್ದಾರೆ. ಯಾರು ಯಾರನ್ನು ಯಾವ ಡಾವಿನಿಂದ ಚಿತ್ ಮಾಡಿದರು, ಯಾವ ಸಂಸ್ಥಾನಿಕರು ಯಾರಿಗೆ ಬೆಳ್ಳಿಯ ಗದೆ ಕೊಟ್ಟರು, ಯಾರ ತಲೆಗೆ ಪಟಕ ಸುತ್ತಿದರು ಎಂಬುದೆಲ್ಲ ನಮ್ಮ ಭಾಗದ ಹಿರಿಯರ ನಾಲಗೆಯ ತುದಿಯಲ್ಲಿಯೇ ಇದೆ. ಆದರೆ ಕೀಲು ತಪ್ಪಿ ಮಣ್ಣಿನಲ್ಲಿ ಬಿದ್ದವನನ್ನು ಹೆಗಲ ಮೇಲೆ ಹೊತ್ತು ಎಲ್ಲಿಗೆ ಒಯ್ದರು, ಅವನ ಎಲುಬನ್ನು ಯಾರು ಕೂಡಿಸಿದರು, ಅವನು ಮತ್ತೆ ಲಂಗೋಟಿ ಕಟ್ಟಿದನೇ ಇಲ್ಲವೇ ಎಂದು ವಿಚಾರಿಸಿದವರು ವಿರಳ. ಹಾಗೆ ಬಿದ್ದವರಲ್ಲಿ ಈ ಲೇಖಕನೂ ಒಬ್ಬನಾದುದರಿಂದ ಈ ವಿಷಯದಲ್ಲಿ ನನಗೆ ಮೊದಲಿನಿಂದಲೂ ಕುತೂಹಲ. ಮೂವತ್ತಾರು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದ ಮೇಲೆ, ನನ್ನದೇ ಮೊಣಕಾಲಿನ ಇತಿಹಾಸವನ್ನಾದರೂ ಸರಿಯಾಗಿ ತಿಳಿಯೋಣವೆಂದು ಹೊರಟೆ. ಅದು ನನ್ನನ್ನು ಬಹು ದೂರ ಕರೆದೊಯ್ದಿತು.

ಮೊದಲು ಹೋದದ್ದು ಕಲ್ಯಾಣಕ್ಕೆ. ಸೊಲ್ಲಾಪುರದಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಇಂದಿನ ಬಸವಕಲ್ಯಾಣವು ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿತ್ತು ಎಂಬುದು ನಮ್ಮ ಸಂಘದ ಮಕ್ಕಳಿಗೂ ಗೊತ್ತು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಒಂದು ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಆನೆ, ಅಡುಗೆ, ಸಂಗೀತ, ಚಿತ್ರಕಲೆಗಳಂತೆಯೇ ಮಲ್ಲವಿನೋದಕ್ಕೂ ಸ್ಥಾನ ದೊರೆತಿದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ಅನುಸಾರವಾಗಿ ವಿಂಗಡಿಸಬೇಕೆಂದೂ, ಅವರ ಆಹಾರವನ್ನು ಅರಮನೆಯೇ ನೋಡಿಕೊಳ್ಳಬೇಕೆಂದೂ ಅರಸನು ವಿಧಿಸುತ್ತಾನೆ. ಉದ್ದು, ಮಾಂಸ, ಹಾಲು, ಸಿಹಿ ತಿನಿಸುಗಳ ಆ ಪಟ್ಟಿಯನ್ನು ಓದಿದಾಗ, ನಮ್ಮ ಉಸ್ತಾದರು ಹೇಳುತ್ತಿದ್ದ ಖುರಾಕಿನ ಪಟ್ಟಿ ನೆನಪಿಗೆ ಬಂತು. ಭಾರ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಈ ಸ್ತಂಭಶ್ರಮವೇ ಮಲ್ಲಕಂಬದ ಪೂರ್ವರೂಪವೆಂದು ವಿದ್ವಾಂಸರು ಹೇಳುತ್ತಾರೆ. ಎಂಟು ನೂರು ವರ್ಷಗಳ ಬಳಿಕವೂ ನಮ್ಮ ಊರ ಗರಡಿಯಲ್ಲಿ ನಾವು ಮಾಡುತ್ತಿದ್ದುದು ಇದನ್ನೇ. ಹೆಸರು ಮಾತ್ರ ಬದಲಾಗಿತ್ತು.

ಆದರೆ ನನಗೆ ಬೇಕಾಗಿದ್ದುದು ಬಿದ್ದವನ ಸಮಾಚಾರ. ಅದಕ್ಕಾಗಿ ಇನ್ನೂ ಹಿಂದಕ್ಕೆ, ಸುಶ್ರುತನವರೆಗೆ ಹೋಗಬೇಕಾಯಿತು. ಸುಶ್ರುತಸಂಹಿತೆಯಲ್ಲಿ ಮುರಿದ ಎಲುಬು, ತಪ್ಪಿದ ಕೀಲುಗಳ ಪ್ರಕರಣವಿದೆ. ಕೀಲು ತಪ್ಪುವುದರಲ್ಲಿ ಆರು ಬಗೆ, ಎಲುಬು ಮುರಿಯುವುದರಲ್ಲಿ ಹನ್ನೆರಡು ಬಗೆ. ಬಿದಿರು, ಅತ್ತಿ, ಅರಳಿ, ಮುತ್ತುಗ, ಆಲ ಮುಂತಾದವುಗಳ ತೊಗಟೆಯಿಂದ ದಬ್ಬೆ ಮಾಡಿ ಕಟ್ಟಬೇಕು. ಕಟ್ಟನ್ನು ತಣ್ಣನೆಯ ಕಾಲದಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣ ಕಾಲದಲ್ಲಿ ಐದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಸಡಿಲವಾದರೆ ಕೀಲು ನಿಲ್ಲುವುದಿಲ್ಲ, ಬಿಗಿಯಾದರೆ ಬಾವೂ ನೋವೂ ಏಳುತ್ತವೆ. ಎಲುಬು ಕೂಡಲು ಎಳೆಯ ವಯಸ್ಸಿನಲ್ಲಿ ಒಂದು ತಿಂಗಳು, ನಡುವಯಸ್ಸಿನಲ್ಲಿ ಎರಡು, ಮುಪ್ಪಿನಲ್ಲಿ ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಉಪ್ಪು, ಹುಳಿ, ಖಾರ, ಬಿಸಿಲು, ವ್ಯಾಯಾಮ ಎಲ್ಲಕ್ಕೂ ನಿಷೇಧ.

ಇಷ್ಟೆಲ್ಲದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಚಿಕ್ಕ ಸೂಚನೆ. ಅಂಗೈಯ ಎಲುಬು ಮುರಿದು ಕೂಡಿದ ಮೇಲೆ, ರೋಗಿಯು ಮೊದಲು ಮಣ್ಣಿನ ಮುದ್ದೆಯನ್ನು ಹಿಡಿಯಬೇಕಂತೆ. ಅನಂತರ ಉಪ್ಪಿನ ಹರಳನ್ನು. ಕೈಗೆ ಬಲ ಬಂದ ಮೇಲೆ ಕಲ್ಲನ್ನು. ಮೆತ್ತಗಿನದರಿಂದ ಗಟ್ಟಿಯಾದುದಕ್ಕೆ ಏರುವ ಕ್ರಮ. ಗಾಯ ಮಾಯುವುದು ಬೇರೆ, ಬಲ ಮರಳುವುದು ಬೇರೆ ಎಂಬ ತಿಳಿವು ಅವರಿಗೆ ಅಂದೇ ಇತ್ತು. ಅದೇ ಗ್ರಂಥವು ವ್ಯಾಯಾಮವನ್ನು ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂದು ಬೇರೊಂದೆಡೆ ಹೇಳುತ್ತದೆ. ಇದನ್ನು ಓದಿದ ದಿನ ನನಗೆ ಸ್ವಲ್ಪ ಸಿಟ್ಟೂ ಬಂತು. ಇಪ್ಪತ್ತರ ಹರೆಯದಲ್ಲಿ ಓದಬೇಕಾಗಿದ್ದುದನ್ನು ಅರವತ್ತರಲ್ಲಿ ಓದಿದೆನಲ್ಲ ಎಂದು.

ಶಾಸ್ತ್ರದಲ್ಲಿದ್ದುದು ಗರಡಿಯವರಿಗೆ ಹೇಗೆ ದಕ್ಕಿತು ಎಂಬ ಪ್ರಶ್ನೆ ಉಳಿಯುತ್ತದೆ. ಪುಸ್ತಕ ಓದಿ ದಕ್ಕಿದ್ದಲ್ಲ, ಕೈಯಿಂದ ಕೈಗೆ ಬಂದದ್ದು. ಮೈಸೂರಿನ ಜಟ್ಟಿಗಳನ್ನೇ ನೋಡಬಹುದು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ, ತಲೆ ಬೋಳಿಸಿಕೊಂಡು, ಮುಷ್ಟಿಗೆ ಮೊನೆಯುಳ್ಳ ಆಯುಧ ತೊಟ್ಟು ವಜ್ರಮುಷ್ಟಿ ಕಾಳಗವಾಡುವ ಮನೆತನಗಳಿವು. ಎದುರಾಳಿಯ ತಲೆಯಲ್ಲಿ ಒಂದು ಹನಿ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ. ಈ ಜಟ್ಟಿಗಳೇ ಉಳುಕು ತೆಗೆಯುವುದಕ್ಕೂ ಎಲುಬು ಕೂಡಿಸುವುದಕ್ಕೂ ಹೆಸರಾಗಿದ್ದರು. ಕಾಸರಗೋಡಿನ ನಮ್ಮ ಕನ್ನಡ ಬಂಧುಗಳಿಗೆ ಇದೇನೂ ಹೊಸತಲ್ಲ. ಅವರ ಸುತ್ತಲಿನ ಕಳರಿಗಳಲ್ಲಿ ಕತ್ತಿ ವರಸೆ ಕಲಿಸುವ ಗುರುಗಳೇ ಮರ್ಮಚಿಕಿತ್ಸೆಯನ್ನೂ ಎಣ್ಣೆ ಉಜ್ಜುವಿಕೆಯನ್ನೂ ಮಾಡುತ್ತಾರೆ. ಎಲ್ಲಿ ಹಿಡಿದರೆ ಕೀಲು ತಪ್ಪುವುದೆಂದು ಬಲ್ಲವನಿಗೆ ಎಲ್ಲಿ ಹಿಡಿದರೆ ಅದು ಕೂಡುವುದೆಂದೂ ತಿಳಿದಿರುತ್ತದೆ.

ನಮ್ಮ ಕಡೆಗೆ ಬರೋಣ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಊರುಗಳಲ್ಲಿ ಮಾರುತಿಯ ಗುಡಿಯೂ ಗರಡಿಯೂ ಅಕ್ಕಪಕ್ಕದಲ್ಲಿರುವುದು ವಾಡಿಕೆ. ನಮ್ಮ ಪೈಲವಾನರ ಕಣ್ಣು ಮಾತ್ರ ಸದಾ ಕೊಲ್ಲಾಪುರದ ಮೇಲೆ. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯ ಅಂಥದು. ಅವರ ಕಾಲದಲ್ಲಿ, 1912ರಲ್ಲಿ, ಖಾಸಬಾಗ ಮೈದಾನವು ಸಿದ್ಧವಾಯಿತು. ನಡುವೆ ಕೆಂಪು ಮಣ್ಣಿನ ಹೌದ, ಸುತ್ತಲೂ ಬಟ್ಟಲಿನಂತೆ ಏರುವ ಇಳಿಜಾರು. ಎಲ್ಲಿ ಕುಳಿತರೂ ಕುಸ್ತಿ ಕಾಣುತ್ತದೆ. 1959ರಲ್ಲಿ ಮೊತ್ತಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆಯವರು ಚಿಕ್ಕೋಡಿ ತಾಲೂಕಿನ ಏಕಸಂಬೆಯಲ್ಲಿ ಹುಟ್ಟಿ ಕೊಲ್ಲಾಪುರದ ತಾಲೀಮಿನಲ್ಲಿ ಬೆಳೆದವರು. 1956ರಲ್ಲಿ ರಾಜ್ಯಗಳ ನಡುವೆ ಗೆರೆ ಬಿದ್ದರೂ ಗರಡಿಗೆ ಆ ಗೆರೆ ಕಾಣಿಸಲಿಲ್ಲ. ನಮ್ಮಂಥ ಗಡಿಯವರಿಗೆ ಇದು ಹೇಳಿಕೊಳ್ಳಬೇಕಾದ ಮಾತು.

ಹೌದದ ಮಣ್ಣಿನ ಬಗೆಗೆ ಎರಡು ಮಾತು. ಅದು ಹೊಲದ ಮಣ್ಣಲ್ಲ. ಸೋಸಿದ ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ, ಕಾವಿ ಬೆರೆಸಿ, ದಿನವೂ ಸಲಿಕೆಯಿಂದ ತಿರುವಿ ಮೆದುವಾಗಿಡುತ್ತಾರೆ. ಬಿದ್ದವನ ಪೆಟ್ಟನ್ನು ನುಂಗುವುದು ಅದರ ಮೊದಲ ಕೆಲಸ. ತರಚು ಗಾಯವಾದರೆ ಅದೇ ಮಣ್ಣನ್ನು ಒತ್ತುತ್ತಿದ್ದೆವು. ಇಂದಿನ ವೈದ್ಯರು ಅದನ್ನು ಮೆಚ್ಚಲಾರರು, ಮೆಚ್ಚಬೇಕಾಗಿಯೂ ಇಲ್ಲ. ಇನ್ನು ಕಿವಿ. ಎದುರಾಳಿಯ ತಲೆಯ ಒತ್ತಡಕ್ಕೆ ಕಿವಿಯ ಚರ್ಮಕ್ಕೂ ಒಳಗಿನ ಮೃದ್ವಸ್ಥಿಗೂ ನಡುವೆ ರಕ್ತ ತುಂಬಿ, ಅದನ್ನು ತೆಗೆಸದಿದ್ದರೆ ಮೃದ್ವಸ್ಥಿ ಪೋಷಣೆಯಿಲ್ಲದೆ ಮುದುಡಿ ಗಂಟಾಗುತ್ತದೆ. ಹಾಗೆ ಒಡೆದ ಕಿವಿಯನ್ನು ನಾವು ಗಾಯವೆಂದೇ ಎಣಿಸುತ್ತಿರಲಿಲ್ಲ. ಅದು ಪೈಲವಾನನ ಪದವಿ. ಹೆಣ್ಣು ನೋಡಲು ಹೋದಾಗ ಅದರಿಂದ ಆಗುತ್ತಿದ್ದ ತೊಡಕು ಬೇರೆಯ ವಿಷಯ.

ಪೆಟ್ಟಿಗೆ ಬಲಿಯಾದ ದೊಡ್ಡ ಹೆಸರನ್ನು ಹೇಳಬೇಕಾದರೆ ಖಾಶಾಬಾ ಜಾಧವರದನ್ನು ಹೇಳಬೇಕು. ಕರಾಡದ ಬಳಿಯ ಗೋಳೇಶ್ವರದಲ್ಲಿ 1926ರಲ್ಲಿ ಹುಟ್ಟಿದವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯ ಸ್ಥಾನ. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣವಿಲ್ಲದೆ ಕೈಯೊಡ್ಡಬೇಕಾಯಿತು; ಅವರು ಓದಿದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7000 ರೂಪಾಯಿ ಒದಗಿಸಿದರು. ನಾನೂ ಒಂದು ಶಾಲೆಯ ಮುಖ್ಯಸ್ಥನಾಗಿದ್ದವನು. ಆ ಸಂಗತಿಯನ್ನು ನೆನೆದಾಗಲೆಲ್ಲ ತಲೆ ತಗ್ಗುತ್ತದೆ. ಹೆಲ್ಸಿಂಕಿಯಲ್ಲಿ ಮಣ್ಣಿರಲಿಲ್ಲ, ಚಾಪೆಯಿತ್ತು. ಅದರ ಮೇಲೆ ಆಡಿ ಕಂಚಿನ ಪದಕ ತಂದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲ ಒಲಿಂಪಿಕ್ ಪದಕವದು. ಊರಿಗೆ ಮರಳಿದಾಗ 151 ಎತ್ತಿನ ಗಾಡಿಗಳ ಮೆರವಣಿಗೆ ನಡೆಯಿತೆಂದು ಇಂದಿಗೂ ಹೇಳುತ್ತಾರೆ. ಆದರೆ 1956ರ ಮೆಲ್ಬರ್ನ್ ಒಲಿಂಪಿಕ್ಸಿಗೆ ಮುನ್ನ ಮೊಣಕಾಲಿಗೆ ತೀವ್ರವಾದ ಪೆಟ್ಟು ಬಿದ್ದು, ಅವರು ಅಲ್ಲಿಗೆ ಹೋಗಲಾಗಲಿಲ್ಲ. ಆ ಮೊಣಕಾಲು ಗಟ್ಟಿಯಿದ್ದಿದ್ದರೆ ಏನಾಗುತ್ತಿತ್ತೆಂದು ನಾನು ಊಹಿಸುವುದಿಲ್ಲ. ಕುಸ್ತಿಯಲ್ಲಿ ನಮಗೆ ಮುಂದಿನ ಒಲಿಂಪಿಕ್ ಪದಕ ಬಂದದ್ದು 2008ರಲ್ಲಿ ಎಂಬುದನ್ನಷ್ಟೇ ಹೇಳುತ್ತೇನೆ.

ಇಷ್ಟು ದೊಡ್ಡವರ ನಡುವೆ ನನ್ನ ಮಾತನ್ನು ತರಲು ಸಂಕೋಚವಿದೆ. 1972ರಲ್ಲಿ, ಬಿ.ಎ. ಕೊನೆಯ ವರ್ಷದಲ್ಲಿದ್ದಾಗ, ನೆರೆಯೂರಿನ ಜಾತ್ರೆಯಲ್ಲಿ ತೆಂಗಿನಕಾಯಿಯ ಕುಸ್ತಿಗೆ ಇಳಿದಿದ್ದೆ. ಐದು ರೂಪಾಯಿಯ ಕುಸ್ತಿಗೂ ನಾನು ಯೋಗ್ಯನಾಗಿರಲಿಲ್ಲ. ಕಾಲೇಜು ಹುಡುಗನ ಹವ್ಯಾಸವದು. ಎದುರಾಳಿ ಕಾಲು ಹಾಕಿ ತಿರುಗಿದ, ನನ್ನ ಪಾದ ಮಣ್ಣಿನಲ್ಲಿ ಹೂತು ನಿಂತಿತು, ಮೊಣಕಾಲು ಮಾತ್ರ ಅವನೊಂದಿಗೆ ತಿರುಗಿತು. ಹಲಗೆಯ ಸದ್ದಿನ ನಡುವೆಯೂ ಆ ‘ಟಕ್’ ಎಂಬ ಸದ್ದು ನನಗೆ ಕೇಳಿಸಿತು. ಊರಿನ ಎಲುಬು ಕೂಡಿಸುವ ಅಜ್ಜ ಉದ್ದಿನ ಹಿಟ್ಟನ್ನು ತತ್ತಿಯ ಬಿಳಿಯಲ್ಲಿ ಕಲಸಿ, ಬಟ್ಟೆ ಸುತ್ತಿ, ಬಿದಿರಿನ ದಬ್ಬೆ ಕಟ್ಟಿದ. ಅವನ ಬೆರಳುಗಳ ಜಾಣ್ಮೆಯನ್ನು ನಾನು ಇಂದಿಗೂ ಗೌರವಿಸುತ್ತೇನೆ. ದಿನವೂ ಬಂದು ಕಾಲ್ಬೆರಳ ಉಗುರು ಒತ್ತಿ, ರಕ್ತ ಮರಳುವುದನ್ನು ನೋಡಿ ಹೋಗುತ್ತಿದ್ದ. ಬಿಗಿ ಕಟ್ಟಿನಿಂದ ಬೆರಳು ಕಪ್ಪಾಗಿ ಕಾಲನ್ನೇ ಕಳೆದುಕೊಂಡವರೂ ಉಂಟು. ಎಲ್ಲ ಕೈಗಳೂ ಆ ಅಜ್ಜನ ಕೈಗಳಲ್ಲ. ಬಾವು ಇಳಿದ ಮೇಲೆ ತೆಗೆಸಿದ ಕ್ಷ-ಕಿರಣ ಚಿತ್ರದಲ್ಲಿ ಎಲುಬು ಮುರಿದಿರಲಿಲ್ಲ. ಕೀಲಿನೊಳಗಿನ ಕಟ್ಟು ಹರಿದಿದ್ದರೆ ಆ ಚಿತ್ರದಲ್ಲಿ ಕಾಣುವುದಿಲ್ಲವೆಂದು ನನಗೆ ತಿಳಿಯಲು ಬಹಳ ವರ್ಷಗಳು ಬೇಕಾದವು.

ಎಲುಬು ಮುರಿದಿಲ್ಲ ಎಂದ ಮೇಲೆ ಇಪ್ಪತ್ತರ ಹುಡುಗನನ್ನು ಯಾರು ತಡೆಯಬಲ್ಲರು? ಒಬ್ಬರೇ ತಡೆದರು. ನಮ್ಮ ಉಸ್ತಾದರು, “ತಮ್ಮಾ, ಮಣ್ಣ ಎಲ್ಲಿಗೂ ಓಡಿ ಹೋಗೂದಿಲ್ಲ. ಮೊದಲ ಕಾಲ ಬರ್ಲಿ” ಎಂದರು. ಸಲಿಕೆ ಕೊಟ್ಟು ಬೆಳಿಗ್ಗೆ ಹೌದ ತಿರುವಲು ಹೇಳಿದರು. ಆಮೇಲೆ ಗೋಡೆ ಹಿಡಿದು ಅರ್ಧ ಬೈಠಕು. ಆಮೇಲೆ ಪೂರ್ಣ ಬೈಠಕು. ಆಮೇಲೆ ಚಿಕ್ಕ ಹುಡುಗರೊಂದಿಗೆ ಜೋರು, ಅದೂ ಅವರು ನನ್ನ ಕಾಲಿಗೆ ಕೈ ಹಾಕದ ಕರಾರಿನ ಮೇಲೆ. ನನಗೆ ಇದು ಅವಮಾನವೆನಿಸಿತು. ಸರೀಕರು ಮೈಗೆ ಮಣ್ಣು ಹಚ್ಚಿಕೊಂಡು ಹೊರಳಾಡುವಾಗ ನಾನು ಸಲಿಕೆ ಹಿಡಿದ ಆಳು. ಎರಡು ತಿಂಗಳಿಗೆ, ಉಸ್ತಾದರು ಪರವೂರಿಗೆ ಹೋದ ದಿನ ನೋಡಿ, ನನ್ನಷ್ಟೇ ತೂಕದ ಗೆಳೆಯನೊಂದಿಗೆ ಹೌದಕ್ಕೆ ಇಳಿದೆ. ಮೂರನೆಯ ನಿಮಿಷಕ್ಕೆ ಅದೇ ಮೊಣಕಾಲು, ಅದೇ ಸದ್ದು. ಮರಳಿ ಬಂದ ಉಸ್ತಾದರು ಬಯ್ಯಲಿಲ್ಲ. ಮೂಲೆಯಲ್ಲಿದ್ದ ಸಲಿಕೆಯನ್ನು ಎತ್ತಿ ಇನ್ನೊಬ್ಬ ಹುಡುಗನ ಕೈಗೆ ಕೊಟ್ಟರು. ಅವರು ಬೈದಿದ್ದರೆ ನಾನು ಇಷ್ಟು ವರ್ಷ ನೆನಪಿಡುತ್ತಿರಲಿಲ್ಲವೇನೋ.

ಅಲ್ಲಿಂದ ನಾನು ಕುಸ್ತಿಯ ನೋಡುಗನಾದೆ. ಖಾಸಬಾಗಿನ ಇಳಿಜಾರಿನಲ್ಲಿ ಕುಳಿತು ನೋಡಿದೆ, ಮನೆಗೆ ದೂರದರ್ಶನ ಬಂದ ಮೇಲೆ ಮನೆಯಲ್ಲಿ ನೋಡಿದೆ. 2016ರಲ್ಲಿ ರಿಯೋದ ಚಾಪೆಯ ಮೇಲೆ ವಿನೇಶ್ ಫೋಗಾಟಳ ಮೊಣಕಾಲು ತಿರುಗಿದಾಗ ಕುರ್ಚಿಯಲ್ಲಿದ್ದ ನನ್ನ ಕೈ ನನ್ನ ಮೊಣಕಾಲಿಗೆ ಹೋಯಿತು. ಎರಡು ವರ್ಷಗಳ ಬಳಿಕ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಅವಳು ಚಿನ್ನ ಗೆದ್ದಳು. ಶಸ್ತ್ರಚಿಕಿತ್ಸೆಯಿಂದ ಕೀಲಿನ ಕಟ್ಟನ್ನು ಮರಳಿ ಕಟ್ಟುವ ವಿದ್ಯೆ ಈಗ ಇದೆ. ಆದರೆ ಆ ಎರಡು ವರ್ಷಗಳಲ್ಲಿ ಅವಳು ಎಷ್ಟು ಬೆಳಗಿನ ಹೊತ್ತು ಅರ್ಧ ಬೈಠಕು ಹಾಕಿರಬೇಕೆಂದು ನನಗೆ ಅನಿಸಿತು. ಟೋಕಿಯೊದಲ್ಲಿ ಬಜರಂಗ್ ಪೂನಿಯಾ ನೋಯುತ್ತಿದ್ದ ಮೊಣಕಾಲಿನ ಪಟ್ಟಿಯನ್ನು ಬಿಚ್ಚಿಟ್ಟು ಕಂಚಿನ ಪದಕಕ್ಕಾಗಿ ಆಡಿದಾಗ ಊರೆಲ್ಲ ಕೊಂಡಾಡಿತು. ನಾನೂ ಚಪ್ಪಾಳೆ ತಟ್ಟಿದೆ, ಆದರೆ ನಮ್ಮ ಓಣಿಯ ಹುಡುಗರು ಅದನ್ನು ಅನುಕರಿಸಬಾರದೆಂದೂ ಹೇಳಿದೆ. ಕೇಳಿದರೋ ಇಲ್ಲವೋ ತಿಳಿಯದು. ನಾನು ಕೇಳಿದ್ದೆನೇ?

ಕಳೆದ ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಕಾಲು ಜಾರಿ, ಬಲಗೈ ಊರಿ ಬಿದ್ದು, ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ಬಿಚ್ಚಿದಾಗ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ; ಸಹಿ ಮಾಡಲೂ ಆಗುತ್ತಿರಲಿಲ್ಲ. ವ್ಯಾಯಾಮ ಹೇಳಿಕೊಡುವ ತರುಣಿ, ನನ್ನ ಮೊಮ್ಮಗಳ ವಯಸ್ಸಿನವಳು, ಕಣಕದಂಥ ಮೆತ್ತನೆಯ ಮುದ್ದೆಯೊಂದನ್ನು ಕೈಗಿಟ್ಟು “ಅಜ್ಜಾ, ಇದನ್ನ ದಿನಕ್ಕ ಮೂರು ಸಲ ಹಿಚುಕ್ರಿ. ಮುಂದಿನ ವಾರ ಇದಕಿಂತ ಗಟ್ಟಿದು ಕೊಡ್ತೀನಿ. ಕೊನೀಕ ರಬ್ಬರ ಚೆಂಡು” ಎಂದಳು. ನನಗೆ ನಗು ಬಂತು. ಯಾಕೆಂದು ಕೇಳಿದಳು. ಮಣ್ಣಿನ ಮುದ್ದೆ, ಉಪ್ಪಿನ ಹರಳು, ಕಲ್ಲುಗಳ ಸಂಗತಿಯನ್ನು ಹೇಳಿದೆ. ಅವಳು ಸುಶ್ರುತನ ಹೆಸರನ್ನು ಬರೆದುಕೊಂಡಳು.

ಈ ಸಲ ನಾನು ಒಂದು ದಿನವೂ ಅವಸರ ಮಾಡಲಿಲ್ಲ. ಸುಶ್ರುತನು ಮುಪ್ಪಿಗೆ ಹೇಳಿದ ಮೂರು ತಿಂಗಳು ಕಳೆದು, ಮತ್ತೂ ಎರಡು ವಾರಗಳಾದ ಮೇಲೆ ರಬ್ಬರಿನ ಚೆಂಡು ಕೈಗೆ ಬಂತು. ಈ ಲೇಖನವನ್ನು ಬಲಗೈಯಿಂದಲೇ ಬರೆದಿದ್ದೇನೆ. ಅಕ್ಷರಗಳು ಸ್ವಲ್ಪ ಓರೆಯಾಗಿದ್ದುವೆಂದು ಸಂಪಾದಕರು ಹೇಳಿದರು.