ರಷ್ಯನ್ ವಿಭಕ್ತಿಗಳು: ಹೊಸದಾಗಿ ಕಲಿಯುವ ಕನ್ನಡಿಗರಿಗೆ

ರಷ್ಯನ್ ಭಾಷೆಯಲ್ಲಿ ನಾಮಪದ, ಸರ್ವನಾಮ, ಗುಣವಾಚಕ, ಸಂಖ್ಯಾವಾಚಕಗಳು ವಾಕ್ಯದಲ್ಲಿ ತಾವು ಮಾಡುವ ಕೆಲಸಕ್ಕೆ ತಕ್ಕಂತೆ ಕೊನೆಯನ್ನು ಬದಲಿಸಿಕೊಳ್ಳುತ್ತವೆ. ಹೀಗೆ ಬದಲಾಗುವ ರೂಪಗಳೇ ವಿಭಕ್ತಿಗಳು. ರಷ್ಯನ್ನಿನಲ್ಲಿ ಇವಕ್ಕೆ ‘ಪದ್ಯೇಷ್’ ಎಂದು ಹೆಸರು, ಸಂಖ್ಯೆ ಆರು. ಇಂಗ್ಲಿಷ್ ಮೂಲಕ ರಷ್ಯನ್ ಕಲಿಸುವ ಪುಸ್ತಕಗಳು ವಿಭಕ್ತಿಯನ್ನು ಒಂದು ಹೊಸ ಕಲ್ಪನೆಯಾಗಿ, ಹೆದರಬೇಕಾದ ಸಂಗತಿಯಾಗಿ ಪರಿಚಯಿಸುತ್ತವೆ. ಕನ್ನಡ ಮಾತಾಡುವವರಿಗೆ ಆ ಹೆದರಿಕೆ ಬೇಕಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹೈಸ್ಕೂಲಿನಲ್ಲಿ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಎಂದು ಬಾಯಿಪಾಠ ಮಾಡಿದ ಹುಡುಗಿ ಮುಂದೆ ವೈದ್ಯಕೀಯ ಓದಲು ರಷ್ಯಾಕ್ಕೆ ಹೋದರೆ, ಅರ್ಧ ದಾರಿ ನಡೆದವಳಾಗಿಯೇ ಅಲ್ಲಿಗೆ ತಲುಪುತ್ತಾಳೆ. ಪಾಠ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿನಲ್ಲಿ ಮಲಗಿದ ರೋಗಿ ರಷ್ಯನ್ನಿನಲ್ಲೇ ನರಳುತ್ತಾನೆ. ಅವನ ನೋವು ಎಲ್ಲಿದೆ, ಯಾವಾಗಿನಿಂದ ಇದೆ ಎಂದು ಕೇಳಲು ವಿಭಕ್ತಿ ಬೇಕೇ ಬೇಕು.

ಇಲ್ಲಿ ಉದಾಹರಣೆಗಳ ಪ್ರತ್ಯಯಗಳನ್ನು ರಷ್ಯನ್ ಬರಹದಂತೆ ಕೊಟ್ಟಿದೆ. ಮಾತಿನಲ್ಲಿ ಒತ್ತು ಬೀಳದ ಒಕಾರ ಅಕಾರದ ಕಡೆಗೂ, ಎಕಾರ ಇಕಾರದ ಕಡೆಗೂ ವಾಲುತ್ತದೆ.

ಆರು ಹೆಸರು, ಆರು ಪ್ರಶ್ನೆ

ರಷ್ಯನ್ ಶಾಲೆಗಳಲ್ಲಿ ವಿಭಕ್ತಿಯನ್ನು ಪ್ರಶ್ನೆಗಳಿಂದ ಕಲಿಸುತ್ತಾರೆ. ಇಮೆನೀತೆಲ್ನಿಗೆ ‘ಕ್ತೋ, ಷ್ತೋ’ (ಯಾರು, ಏನು). ರೊದೀತೆಲ್ನಿಗೆ ‘ಕೊಗೋ, ಚೆಗೋ’ (ಯಾರ, ಯಾವುದರ). ದಾತೆಲ್ನಿಗೆ ‘ಕೊಮೂ, ಚೆಮೂ’ (ಯಾರಿಗೆ, ಯಾವುದಕ್ಕೆ). ವಿನೀತೆಲ್ನಿಗೆ ‘ಕೊಗೋ, ಷ್ತೋ’ (ಯಾರನ್ನು, ಏನನ್ನು). ತ್ವೊರೀತೆಲ್ನಿಗೆ ‘ಕೆಮ್, ಚೆಮ್’ (ಯಾರಿಂದ, ಯಾವುದರಿಂದ). ಪ್ರೆದ್ಲೋಝ್ನಿಗೆ ‘ಒ ಕೋಮ್, ಒ ಚ್ಯೋಮ್’ (ಯಾರ ಬಗ್ಗೆ, ಯಾವುದರ ಬಗ್ಗೆ). ‘ಕೊಗೋ’, ‘ಚೆಗೋ’ಗಳಲ್ಲಿ ಬರೆಯುವುದು ಗಕಾರ, ಓದುವುದು ವಕಾರ. ಯಾರನ್ನು, ಯಾರಿಗೆ, ಯಾರಿಂದ ಎಂಬ ಸರಣಿ ಕನ್ನಡಿಗರ ನಾಲಗೆಯ ಮೇಲೆ ಮೊದಲೇ ಇದೆ. ಅದನ್ನು ಬಿಟ್ಟು ಇಂಗ್ಲಿಷಿನ ಮೂಲಕ ಸುತ್ತಿಕೊಂಡು ಹೋಗುವುದು ದಂಡದ ದಾರಿ.

‘ಬ್ರಾತ್’ ಎಂದರೆ ಅಣ್ಣ ಅಥವಾ ತಮ್ಮ. ಮೇಲಿನ ಕ್ರಮದಲ್ಲೇ ಅದರ ರೂಪಗಳು ಬ್ರಾತ್, ಬ್ರಾತಾ, ಬ್ರಾತು, ಬ್ರಾತಾ, ಬ್ರಾತೊಮ್, ಬ್ರಾತೆ. ‘ಕ್ನೀಗಾ’ ಎಂದರೆ ಪುಸ್ತಕ: ಕ್ನೀಗಾ, ಕ್ನೀಗಿ, ಕ್ನೀಗೆ, ಕ್ನೀಗು, ಕ್ನೀಗೊಯ್, ಕ್ನೀಗೆ. ಎರಡೂ ಏಕವಚನವೇ, ಆದರೂ ಪ್ರತ್ಯಯಗಳು ಬೇರೆ. ‘ಬ್ರಾತು’ ಎಂದರೆ ತಮ್ಮನಿಗೆ, ‘ಕ್ನೀಗು’ ಎಂದರೆ ಪುಸ್ತಕವನ್ನು. ‘ಉ’ ಕಂಡಾಗ ಯಾವ ವಿಭಕ್ತಿಯೆಂದು ಹೇಳಬೇಕಾದರೆ ಪದದ ಲಿಂಗ ಮೊದಲು ಗೊತ್ತಿರಬೇಕು. ವ್ಯಂಜನದಲ್ಲಿ ಮುಗಿಯುವವು ಬಹುಮಟ್ಟಿಗೆ ಪುಲ್ಲಿಂಗ, ಆಕಾರದಲ್ಲಿ ಮುಗಿಯುವವು ಸ್ತ್ರೀಲಿಂಗ, ಒಕಾರ ಎಕಾರದವು ನಪುಂಸಕ. ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿಕೊಂಡು ಹೋಗುತ್ತದೆ. ರಷ್ಯನ್ನಿನಲ್ಲಿ ಪದದ ಕೊನೆಯನ್ನು ನೋಡಿಕೊಂಡು ಹೋಗುತ್ತದೆ. ಮೇಜು ಅಲ್ಲಿ ಗಂಡು, ಪುಸ್ತಕ ಹೆಣ್ಣು, ಕಿಟಕಿ ನಪುಂಸಕ.

ಕನ್ನಡದ ಏಳು, ರಷ್ಯನ್ನಿನ ಆರು

ಕೇಶಿರಾಜ ಸುಮಾರು 1260ರಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ ಕನ್ನಡಕ್ಕೆ ಏಳು ವಿಭಕ್ತಿಗಳನ್ನು ಹೇಳುತ್ತದೆ: ಮ್, ಅಂ, ಇಂ, ಗೆ, ಅತ್ತಣಿಂ, ಅ, ಒಳ್. ಎಣಿಕೆ ಸಂಸ್ಕೃತದ್ದು. ಐದನೆಯದಾದ ‘ಅತ್ತಣಿಂ’ ಮೂರನೆಯದರ ‘ಇಂ’ ಅನ್ನೇ ಬೆನ್ನಿಗೆ ಕಟ್ಟಿಕೊಂಡಿದೆ. ಇಂದಿನ ‘ದೆಸೆಯಿಂದ’ವೂ ಹಾಗೆಯೇ. ಹಡಗಲಿಯ ಸಂತೆಯಲ್ಲಿ ‘ಊರಿನ ದೆಸೆಯಿಂದ ಬಂದೆ’ ಎಂದು ಯಾರೂ ಹೇಳುವುದಿಲ್ಲ, ‘ಊರಿಂದ ಬಂದೆ’ ಎನ್ನುತ್ತಾರೆ. ಆಡುವ ಕನ್ನಡವನ್ನು ಲೆಕ್ಕಕ್ಕೆ ಹಿಡಿದರೆ ನಮ್ಮ ವಿಭಕ್ತಿಗಳೂ ಆರೇ ಆಗುತ್ತವೆ. ಎರಡೂ ಭಾಷೆಗಳ ವ್ಯಾಕರಣ ಬೆಳೆದ ಬಗೆಯಲ್ಲೂ ಹೋಲಿಕೆಯಿದೆ. ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತದ ಅಚ್ಚಿನಲ್ಲಿ ಬರೆದರೆ, 1619ರಲ್ಲಿ ಮೆಲೇತಿ ಸ್ಮೊತ್ರೀತ್ಸ್ಕಿ ಚರ್ಚಿನ ಸ್ಲಾವಿಕ್ ಭಾಷೆಗೆ ಗ್ರೀಕ್ ಅಚ್ಚಿನ ವ್ಯಾಕರಣ ಬರೆದರು. ‘ಪ್ರೆದ್ಲೋಝ್ನಿ’ ಎಂಬ ಇಂದಿನ ಹೆಸರನ್ನು ಬಳಕೆಗೆ ತಂದದ್ದು ಮಿಖಾಯಿಲ್ ಲೊಮೊನೋಸೊವ್, 1755ರ ತಮ್ಮ ರಷ್ಯನ್ ವ್ಯಾಕರಣದಲ್ಲಿ. ಇತ್ತಲಿಂದ ಅತ್ತ ಹೋಗುವವರಿರುವಂತೆ ಅತ್ತಲಿಂದ ಇತ್ತ ಬಂದವರೂ ಇದ್ದಾರೆ: ಮಾಸ್ಕೋದ ದ್ರಾವಿಡ ಭಾಷಾ ವಿದ್ವಾಂಸ ಮಿಖಾಯಿಲ್ ಅಂದ್ರೋನೊವ್ ಕನ್ನಡವನ್ನು ವಿವರಿಸುವ ಪುಸ್ತಕವನ್ನು 1969ರಲ್ಲಿ ಪ್ರಕಟಿಸಿದರು.

ಸಂಬೋಧನೆ ಇಂದಿನ ರಷ್ಯನ್ನಿನ ಪಟ್ಟಿಯಲ್ಲಿಲ್ಲ. ದೇವರನ್ನು ಕೂಗುವ ‘ಬೋಝೆ’, ‘ಗೋಸ್ಪೊದಿ’ಗಳಲ್ಲಿ ಹಳೆಯದರ ಗುರುತು ಉಳಿದಿದೆ. ನಾವು ‘ಯವ್ವಾ’, ‘ಯಪ್ಪಾ’ ಎಂದು ಕೊನೆಯನ್ನು ಎಳೆಯುತ್ತೇವೆ. ರಷ್ಯನ್ ಮಕ್ಕಳು ‘ಮಾಮಾ’ ಎಂಬುದನ್ನು ‘ಮಾಮ್’ ಎಂದು ಮೊಟಕು ಮಾಡಿ ಕರೆಯುತ್ತಾರೆ.

‘ನನಗೆ’ ಎಂಬ ದೊಡ್ಡ ಅನುಕೂಲ

ಕನ್ನಡಿಗರಿಗೆ ಅತಿ ಹೆಚ್ಚು ಲಾಭ ಇರುವುದು ದಾತೆಲ್ನಿಯಲ್ಲಿ, ಅಂದರೆ ಚತುರ್ಥಿಯಲ್ಲಿ. ಚಳಿಯಾದಾಗ ನಾವು ‘ನನಗೆ ಚಳಿ’ ಎನ್ನುತ್ತೇವೆ. ರಷ್ಯನ್ನರು ‘ಮ್ನೆ ಖೋಲೊದ್ನೊ’ ಎನ್ನುತ್ತಾರೆ. ‘ಮ್ನೆ’ ಎಂದರೆ ನನಗೆ. ನನಗೆ ಇಪ್ಪತ್ತು ವರ್ಷ ಎನ್ನಲು ‘ಮ್ನೆ ದ್ವಾದ್ತ್ಸತ್ ಲೆತ್’. ನನಗೆ ಇಷ್ಟ ಎನ್ನಲು ‘ಮ್ನೆ ನ್ರಾವಿತ್ಸಾ’. ನನಗೆ ಬೇಕು ಎನ್ನಲು ‘ಮ್ನೆ ನೂಝ್ನೊ’. ಇಂಗ್ಲಿಷಿನಲ್ಲಿ ಈ ಎಲ್ಲ ಕಡೆಯೂ ‘ನಾನು’ ಬರುವುದರಿಂದ ಇಂಗ್ಲಿಷರು ಇದನ್ನು ಕಷ್ಟಪಟ್ಟು ಕಲಿಯುತ್ತಾರೆ. ನಮಗೆ ಪದಗಳನ್ನು ಕೂಡಿಸಿದರೆ ಸಾಕು, ವಾಕ್ಯ ತಾನಾಗಿ ಎದ್ದು ನಿಲ್ಲುತ್ತದೆ.

ಆದರೆ ‘ನನಗೆ’ ಬಂದಲ್ಲೆಲ್ಲ ‘ಮ್ನೆ’ ಇಟ್ಟರೆ ತಪ್ಪಾಗುತ್ತದೆ. ನನಗೆ ಜ್ವರ ಎನ್ನಲು ‘ಉ ಮೆನ್ಯಾ ತೆಂಪೆರತೂರಾ’, ನನಗೆ ತಲೆನೋವು ಎನ್ನಲು ‘ಉ ಮೆನ್ಯಾ ಬೊಲೀತ್ ಗೊಲೊವಾ’, ನನಗೆ ಮಗಳಿದ್ದಾಳೆ ಎನ್ನಲು ‘ಉ ಮೆನ್ಯಾ ಯೆಸ್ತ್ ದೋಚ್’. ‘ಉ’ ಎಂದರೆ ಬಳಿ. ಅದರ ಮುಂದಿನ ಪದ ಷಷ್ಠಿಯಲ್ಲಿ, ಅಂದರೆ ರೊದೀತೆಲ್ನಿಯಲ್ಲಿ ನಿಲ್ಲುತ್ತದೆ. ರಷ್ಯನ್ನಿಗೆ ಜ್ವರವೂ ಮಗಳೂ ‘ನನ್ನ ಬಳಿ’ ಇರುವಂಥವು. ನನಗೆ ಗೊತ್ತು ಎಂಬಲ್ಲಿ ಇನ್ನೂ ಬೇರೆ: ‘ಯಾ ಜ಼್ನಾಯು’, ಪ್ರಥಮಾ ವಿಭಕ್ತಿ. ಅನುಭವಕ್ಕೆ, ವಯಸ್ಸಿಗೆ, ಅಗತ್ಯಕ್ಕೆ ‘ಮ್ನೆ’, ಇರುವುದಕ್ಕೆ, ಕಾಯಿಲೆಗೆ ‘ಉ ಮೆನ್ಯಾ’, ತಿಳಿವಿಗೆ ‘ಯಾ’. ಆಸ್ಪತ್ರೆಯಲ್ಲಿ ದುಡಿಯುವವರಿಗೆ ಈ ಮೂರರ ಗಡಿ ಮೊದಲ ತಿಂಗಳಲ್ಲೇ ಗಟ್ಟಿಯಾಗಬೇಕು.

ದ್ವಿತೀಯಾದಲ್ಲಿ, ಅಂದರೆ ವಿನೀತೆಲ್ನಿಯಲ್ಲಿ ಇನ್ನೊಂದು ಸೊಗಸಾದ ಹೊಂದಿಕೆ ಇದೆ. ಕನ್ನಡದ ಮಾತಿನಲ್ಲಿ ‘ಮನೆ ನೋಡಿದೆ’ ಎಂದರೆ ಸಾಕು, ‘ಅನ್ನು’ ಬೇಡ. ‘ತಮ್ಮ ನೋಡಿದೆ’ ಎಂದರೆ ಮಾತ್ರ ನೋಡಿದವನು ತಮ್ಮನೋ ನಾನೋ ತಿಳಿಯದು; ಅಲ್ಲಿ ‘ತಮ್ಮನ್ನ’ ಎನ್ನಲೇಬೇಕು. ರಷ್ಯನ್ನಿನ ಪುಲ್ಲಿಂಗ ಪದಗಳೂ ಇದೇ ವಿವೇಚನೆಯಿಂದ ನಡೆಯುತ್ತವೆ. ಮನೆಯನ್ನು ನೋಡುತ್ತೇನೆ ಎನ್ನಲು ‘ವೀಝು ದೋಮ್’, ಪದ ಬದಲಾಗುವುದಿಲ್ಲ. ತಮ್ಮನನ್ನು ನೋಡುತ್ತೇನೆ ಎನ್ನಲು ‘ವೀಝು ಬ್ರಾತಾ’, ಇಲ್ಲಿ ಷಷ್ಠಿಯ ರೂಪವೇ ಬಂದು ಕೂರುತ್ತದೆ. ಜೀವವಿರುವುದು, ಜೀವವಿಲ್ಲದ್ದು ಎಂಬ ಈ ಭೇದ ವ್ಯಾಕರಣ ಪುಸ್ತಕಗಳಲ್ಲಿ ಗೋಜಲಾಗಿ ಕಂಡರೂ ಕನ್ನಡ ಆಡುವವರ ಕಿವಿಗೆ ಬೇಗ ಒಗ್ಗುತ್ತದೆ.

ಎಲ್ಲಿ, ಎಲ್ಲಿಗೆ, ಎಲ್ಲಿಂದ

ಕೊಟ್ಟೂರಿನ ಕಡೆ ‘ಸಾಲ್ಯಾಗ’, ‘ಸಾಲಿಗೆ’, ‘ಸಾಲಿಂದ’ ಎಂದರೆ ಮೂರು ಪ್ರತ್ಯಯಗಳಲ್ಲಿ ಮೂರು ಅರ್ಥ. ರಷ್ಯನ್ನಿನಲ್ಲಿ ಪ್ರತ್ಯಯದ ಜೊತೆಗೆ ಪದದ ಮುಂದೆ ಒಂದು ಅವ್ಯಯವೂ ಬರಬೇಕು. ಆಸ್ಪತ್ರೆಯಲ್ಲಿ ಎನ್ನಲು ‘ವ್ ಬೊಲ್ನೀತ್ಸೆ’, ಆಸ್ಪತ್ರೆಗೆ ಎನ್ನಲು ‘ವ್ ಬೊಲ್ನೀತ್ಸು’. ಅವ್ಯಯ ಎರಡರಲ್ಲೂ ಒಂದೇ. ಅರ್ಥವನ್ನು ತಿರುಗಿಸುವುದು ಕೊನೆಯ ಸ್ವರ. ಇದ್ದಲ್ಲಿ ಪ್ರೆದ್ಲೋಝ್ನಿ, ಹೋಗುವಲ್ಲಿ ವಿನೀತೆಲ್ನಿ. ಆಸ್ಪತ್ರೆಯಿಂದ ಎಂಬುದಕ್ಕೆ ‘ಇಜ಼್ ಬೊಲ್ನೀತ್ಸಿ’, ಷಷ್ಠಿ. ಪಂಚಮಿ ಇಲ್ಲದ ರಷ್ಯನ್ ತನ್ನ ‘ಇಂದ’ಗಳನ್ನೆಲ್ಲ ಷಷ್ಠಿಗೆ ಒಪ್ಪಿಸಿದೆ.

ಆ ‘ಇಂದ’ಗಳೂ ಮೂರು ಬಗೆ. ಒಳಗಿಂದ ಬಂದರೆ ‘ಇಜ಼್’, ಮೇಲಿಂದ ಅಥವಾ ಕೆಲಸದಿಂದ ಬಂದರೆ ‘ಸ್’, ವ್ಯಕ್ತಿಯ ಹತ್ತಿರದಿಂದ ಬಂದರೆ ‘ಒತ್’. ವ್ಯಕ್ತಿಯಾದರೆ ಸರಣಿಯೇ ಬೇರೆ: ವೈದ್ಯರ ಹತ್ತಿರ ಹೋದೆ ಎನ್ನಲು ‘ಕ್ ವ್ರಚೂ’, ಅವರ ಹತ್ತಿರ ಇದ್ದೆ ಎನ್ನಲು ‘ಉ ವ್ರಚಾ’, ಅವರ ಹತ್ತಿರದಿಂದ ಬಂದೆ ಎನ್ನಲು ‘ಒತ್ ವ್ರಚಾ’. ಕನ್ನಡವೂ ‘ಡಾಕ್ಟರಿಗೆ ಹೋದೆ’ ಎನ್ನದೆ ‘ಡಾಕ್ಟರ ಹತ್ರ ಹೋದೆ’ ಎಂದೇ ಹೇಳುತ್ತದೆ; ಮನುಷ್ಯರನ್ನು ಜಾಗದಂತೆ ಕಾಣದ ಈ ಎಚ್ಚರ ಎರಡೂ ಕಡೆ ಇದೆ.

ತೃತೀಯಾದಲ್ಲಿ, ಅಂದರೆ ತ್ವೊರೀತೆಲ್ನಿಯಲ್ಲಿ ಒಂದು ಜಾರು ನೆಲವುಂಟು. ಪೆನ್ನಿನಿಂದ ಬರೆಯುತ್ತೇನೆ ಎನ್ನಲು ‘ಪಿಷೂ ರೂಚ್ಕೊಯ್’, ಅವ್ಯಯ ಬೇಡ. ತಮ್ಮನ ಕೂಡ ಎನ್ನಲು ‘ಸ್ ಬ್ರಾತೊಮ್’, ಅವ್ಯಯ ಬೇಕು. ಪೆನ್ನಿಗೆ ‘ಸ್’ ಸೇರಿಸಿದರೆ ಪೆನ್ನಿನ ಜೊತೆ ಕೂತು ಬರೆದಂತಾಗುತ್ತದೆ. ಇದೇ ವಿಭಕ್ತಿ ‘ವೈದ್ಯಳಾಗುತ್ತೇನೆ’ ಎಂಬಲ್ಲಿಯೂ ಬರುತ್ತದೆ: ‘ಯಾ ಸ್ತಾನು ವ್ರಚೋಮ್’. ನಮ್ಮ ‘ಆಗಿ’, ‘ಆಗು’ಗಳ ಕೆಲಸವನ್ನು ಅಲ್ಲಿ ತೃತೀಯಾ ಮಾಡುತ್ತದೆ.

ನಿಜವಾದ ಕಷ್ಟಗಳು

ಕನ್ನಡದಲ್ಲಿ ‘ಮರಗಳಿಗೆ’ ಎಂಬುದನ್ನು ಬಿಡಿಸಿದರೆ ‘ಗಳು’ ಬೇರೆ, ‘ಗೆ’ ಬೇರೆ. ರಷ್ಯನ್ನಿನಲ್ಲಿ ವಚನವೂ ವಿಭಕ್ತಿಯೂ ಒಂದೇ ಪ್ರತ್ಯಯದಲ್ಲಿ ಕರಗಿರುತ್ತವೆ. ಏಕವಚನದಲ್ಲಿ ಲಿಂಗವನ್ನು ನೋಡಿ ಆ ಪ್ರತ್ಯಯವೂ ಬೇರೆಯಾಗುತ್ತದೆ. ಅದಕ್ಕಿಂತ ದೊಡ್ಡ ಹೊರೆ ಗುಣವಾಚಕದ್ದು. ನಮ್ಮ ‘ಹೊಸ’ ಎಲ್ಲ ಕಡೆಯೂ ‘ಹೊಸ’ವೇ: ಹೊಸ ಮನೆ, ಹೊಸ ಮನೆಗೆ, ಹೊಸ ಮನ್ಯಾಗ. ರಷ್ಯನ್ನಿನಲ್ಲಿ ‘ನೋವಿಯ್ ದೋಮ್’, ‘ನೋವೊಗೊ ದೋಮಾ’, ‘ನೋವೊಮು ದೋಮು’, ‘ನೋವಿಮ್ ದೋಮೊಮ್’, ‘ವ್ ನೋವೊಮ್ ದೋಮೆ’. ಸ್ತ್ರೀಲಿಂಗವಾದರೆ ‘ನೋವಾಯಾ ಕ್ನೀಗಾ’, ‘ನೋವುಯು ಕ್ನೀಗು’. ಕನ್ನಡ ಮನೆಮಾತಿನವರು ತಡವರಿಸುವುದು ಇಲ್ಲಿಯೇ. ಕೂಡ್ಲಿಗಿ, ಹಡಗಲಿಯಂಥ ತಾಲ್ಲೂಕುಗಳಲ್ಲಿ ಉರ್ದು ಆಡುವ ಮನೆಗಳಿವೆ, ಲಂಬಾಣಿ ತಾಂಡಾಗಳಿವೆ. ಆ ಮಕ್ಕಳಿಗೆ ಇದು ಅಷ್ಟು ಅಪರಿಚಿತವಲ್ಲ. ಉರ್ದುವಿನಲ್ಲಿ ‘ನಯಾ ಘರ್’, ‘ನಯೇ ಘರ್ ಮೇಂ’, ‘ನಯೀ ಕಿತಾಬ್’ ಎಂದು ಗುಣವಾಚಕ ನಾಮಪದದ ಬೆನ್ನು ಹತ್ತಿಯೇ ಹೋಗುತ್ತದೆ. ಲಂಬಾಣಿಯಲ್ಲೂ ಗಂಡು ಹೆಣ್ಣಿನ ಭೇದಕ್ಕೆ ತಕ್ಕಂತೆ ಕೊನೆ ಬದಲಾಗುವ ಗುಣವಾಚಕಗಳಿವೆ. ಮನೆಯಲ್ಲಿ ಲಂಬಾಣಿ, ಬೀದಿಯಲ್ಲಿ ಕನ್ನಡ ಆಡಿ ಬೆಳೆದ ಹುಡುಗನಿಗೆ ಒಂದು ಭಾಷೆ ವಿಭಕ್ತಿಯನ್ನೂ ಇನ್ನೊಂದು ಲಿಂಗದ ಹೊಂದಾಣಿಕೆಯನ್ನೂ ಕಲಿಸಿರುತ್ತದೆ. ರಷ್ಯನ್ನಿಗೆ ಎರಡೂ ಬೇಕು.

‘ಇಲ್ಲ’ ಎಂಬುದಕ್ಕೂ ಸಂಖ್ಯೆಗಳಿಗೂ ಷಷ್ಠಿ ಬರುವುದು ಇನ್ನೊಂದು ಹೊಸತು. ನೀರಿಲ್ಲ ಎನ್ನಲು ‘ವೊದೀ ನ್ಯೆತ್’. ‘ವೊದಾ’ ಷಷ್ಠಿಗೆ ತಿರುಗಿದೆ. ಒಂದು ರೂಬಲ್ ‘ಒದೀನ್ ರೂಬಲ್’, ಎರಡು ‘ದ್ವಾ ರುಬ್ಲ್ಯಾ’, ಐದು ‘ಪ್ಯಾತ್ ರುಬ್ಲೇಯ್’. ಎರಡು, ಮೂರು, ನಾಲ್ಕಕ್ಕೆ ಷಷ್ಠಿಯ ಏಕವಚನ. ಐದರಿಂದ ಇಪ್ಪತ್ತರವರೆಗೆ ಷಷ್ಠಿಯ ಬಹುವಚನ. ಇಪ್ಪತ್ತೊಂದಕ್ಕೆ ಮತ್ತೆ ‘ರೂಬಲ್’. ಷಷ್ಠಿಯ ಬಹುವಚನ ಇಡೀ ವ್ಯವಸ್ಥೆಯ ಅತಿ ಒರಟು ಭಾಗ: ‘ಸ್ತೊಲೋವ್’, ‘ವ್ರಚೇಯ್’, ಪ್ರತ್ಯಯವೇ ಉದುರಿದ ‘ಕ್ನೀಗ್’. ಇದನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ವಿದೇಶಿಯರಿಗಾಗಿ ಬರೆದ ಪಠ್ಯಗಳು ಸಾಮಾನ್ಯವಾಗಿ ‘ಎಲ್ಲಿ’ ಎಂಬ ಪ್ರಶ್ನೆಯಿಂದ, ಅಂದರೆ ಪ್ರೆದ್ಲೋಝ್ನಿಯಿಂದ ಶುರುಮಾಡುತ್ತವೆ. ಕನ್ನಡಿಗರು ಅದರ ಬೆನ್ನಿಗೇ ‘ಮ್ನೆ’ ವಾಕ್ಯಗಳನ್ನು ಹಿಡಿದರೆ ಬಾಯಿ ಬೇಗ ತಿರುಗುತ್ತದೆ. ಆರು ಸಾಲಿನ ಕೋಷ್ಟಕವನ್ನು ಮೊದಲ ದಿನವೇ ಉರು ಹೊಡೆಯುವುದರಿಂದ ಪರೀಕ್ಷೆ ಪಾಸಾಗಬಹುದು, ಮಾತು ಹೊರಡುವುದಿಲ್ಲ. ನಾವು ‘ಮರಕ್ಕೆ’, ‘ಮನೆಗೆ’, ‘ಊರಿಗೆ’ ಎಂಬ ಮೂರು ಬಗೆಯ ಚತುರ್ಥಿಯನ್ನು ಕೋಷ್ಟಕದಿಂದ ಕಲಿತವರಲ್ಲ.

ಊರು, ಹೆಸರುಗಳು

ಪರಿಚಯ ಹೇಳಿಕೊಳ್ಳುವಾಗ ಮೊದಲು ಬೇಕಾಗುವುದು ಊರಿನ ಹೆಸರು. ಇಕಾರದಲ್ಲೋ ಉಕಾರದಲ್ಲೋ ಮುಗಿಯುವ ಪರದೇಶದ ಹೆಸರುಗಳು ರಷ್ಯನ್ನಿನಲ್ಲಿ ಯಾವ ವಿಭಕ್ತಿಯಲ್ಲೂ ಬದಲಾಗುವುದಿಲ್ಲ. ದೆಹಲಿಯಲ್ಲಿ ಎನ್ನಲು ‘ವ್ ದೇಲಿ’, ಹಂಪಿಯಲ್ಲಿ ಎನ್ನಲು ‘ವ್ ಖಾಂಪಿ’. ಆದ್ದರಿಂದ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರಿಗೆ ಚಿಂತೆಯಿಲ್ಲ. ರಷ್ಯನ್ನಿನಲ್ಲಿ ಹಕಾರವಿಲ್ಲದ ಕಾರಣ ಅದರ ಜಾಗದಲ್ಲಿ ಖಕಾರಕ್ಕೆ ಹತ್ತಿರದ ಧ್ವನಿ ಬರುತ್ತದೆ, ಅಷ್ಟೆ. ಕೊಟ್ಟೂರನ್ನು ಉಕಾರ ಬಿಟ್ಟು ‘ಕೊತ್ತೂರ್’ ಎಂದು ಬರೆದರೆ ಮಾತ್ರ ಅದು ಪುಲ್ಲಿಂಗದ ಸಾಲಿಗೆ ಸೇರಿ ‘ವ್ ಕೊತ್ತೂರೆ’, ‘ಇಜ಼್ ಕೊತ್ತೂರಾ’ ಎಂದು ತಿರುಗುತ್ತದೆ. ಕರ್ನಾಟಕ ಆಕಾರಾಂತವಾಗಿ ಸ್ತ್ರೀಲಿಂಗ: ‘ವ್ ಕರ್ನಾತಾಕೆ’, ‘ಇಜ಼್ ಕರ್ನಾತಾಕಿ’. ವ್ಯಕ್ತಿಗಳ ಹೆಸರಿಗೂ ಇದೇ ಲೆಕ್ಕ. ಸವಿತಾಳ ಕೂಡ ಎನ್ನಲು ‘ಸ್ ಸವೀತೊಯ್’, ಗಾಯತ್ರಿಯ ಕೂಡ ಎನ್ನಲು ‘ಸ್ ಗಾಯತ್ರಿ’. ವ್ಯಂಜನಾಂತದ ಹೆಸರು ಗಂಡಸಿನದಾದರೆ ಬದಲಾಗುತ್ತದೆ, ಹೆಂಗಸಿನದಾದರೆ ಹಾಗೆಯೇ ನಿಲ್ಲುತ್ತದೆ.