ರಾಜ್ಯೋತ್ಸವದ ಮೈಕಿಗೆ ಸಿನಿಮಾ ಹಾಡು ಬಂದ ಬಗೆ

ನವೆಂಬರ್ 1ರ ಬೆಳಿಗ್ಗೆ ಬೆಂಗಳೂರಿನ ಯಾವ ಆಟೊ ನಿಲ್ದಾಣದ ಬಳಿ ಹಾದುಹೋದರೂ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. ಹಳದಿ-ಕೆಂಪು ಬಾವುಟ, ಹಾರ ಹಾಕಿದ ಭುವನೇಶ್ವರಿಯ ಪಟ, ಪಕ್ಕದಲ್ಲೇ ರಾಜ್‌ಕುಮಾರ್ ಪಟ, ಜೊತೆಗೆ ಕಿವಿಗಡಚಿಕ್ಕುವ ಮೈಕು. ಹತ್ತಿರದ ಶಾಲೆಯಲ್ಲಿ ನಾಡಗೀತೆ ಮುಗಿಯುವ ಹೊತ್ತಿಗೆ ಇಲ್ಲಿ 'ಗಂಧದ ಗುಡಿ'ಯ ಹಾಡು ಶುರುವಾಗಿರುತ್ತದೆ. ನಾಡಹಬ್ಬಕ್ಕೂ ಸಿನಿಮಾ ಹಾಡಿಗೂ ಇರುವ ಈ ನಂಟು ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಅದು ಮೊದಲಿನಿಂದ ಇದ್ದದ್ದಲ್ಲ ಎಂಬುದೇ ಮರೆತುಹೋಗಿದೆ.

ಏಕೀಕರಣದ ಕಾಲದಲ್ಲಿ ಸಭೆಗಳ ಹಾಡುಗಳನ್ನು ಕೊಟ್ಟವರು ಕವಿಗಳು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದ್ದು ಹುಯಿಲಗೋಳ ನಾರಾಯಣರಾಯರ ಗೀತೆ. ಆಗ ಕನ್ನಡದಲ್ಲಿ ಮಾತಿನ ಚಿತ್ರವೇ ಇರಲಿಲ್ಲ. 1934ರಲ್ಲಿ ಬಂದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದದ್ದು ಕೊಲ್ಹಾಪುರದಲ್ಲಿ. ಅದರ ವಸ್ತು ರಾಮಾಯಣದ್ದು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದಾಗಲೂ ಕನ್ನಡ ಚಿತ್ರಗಳು ಹೆಚ್ಚಾಗಿ ಪುರಾಣ, ಭಕ್ತಿಗಳ ಸುತ್ತಲೇ ತಿರುಗುತ್ತಿದ್ದವು.

ಸಿನಿಮಾ ಹಾಡಿಗೆ ಆಗ ಮರ್ಯಾದೆಯೂ ಕಡಿಮೆ. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತದ ಮೇಲೆ ಎಷ್ಟು ಪ್ರೀತಿಯೋ ಚಿತ್ರಗೀತೆಯ ಮೇಲೆ ಅಷ್ಟೇ ಅಸಮಾಧಾನ. ಆಕಾಶವಾಣಿಯಲ್ಲಿ ಚಿತ್ರಗೀತೆಗಳು ಮೂಲೆ ಸೇರಿದವು. ಕೇಳುಗರು ಸುಮ್ಮನಿರಲಿಲ್ಲ, ರೇಡಿಯೊದ ಮುಳ್ಳನ್ನು ಸಿಲೋನ್ ಕಡೆಗೆ ತಿರುಗಿಸಿದರು! ಕೊನೆಗೆ 1957ರ ಅಕ್ಟೋಬರ್‌ನಲ್ಲಿ 'ವಿವಿಧ ಭಾರತಿ'ಯನ್ನು ಆರಂಭಿಸಿ ಆಕಾಶವಾಣಿಯೇ ರಾಜಿಗೆ ಬರಬೇಕಾಯಿತು.

ಕನ್ನಡ ನಾಡಿನ ಹಿರಿಮೆಯನ್ನೇ ಪಲ್ಲವಿಯಾಗಿಸಿಕೊಂಡು ಜನರ ಬಾಯಲ್ಲಿ ಉಳಿದ ಮೊದಮೊದಲ ಚಿತ್ರಗೀತೆಗಳಲ್ಲಿ 1961ರ 'ವಿಜಯನಗರದ ವೀರಪುತ್ರ' ಚಿತ್ರದ್ದು ಮುಖ್ಯವಾದದ್ದು. ನಿರ್ದೇಶಕರು ಆರ್. ನಾಗೇಂದ್ರರಾಯರು, 'ಸತಿ ಸುಲೋಚನ'ದಲ್ಲಿ ರಾವಣನಾಗಿದ್ದವರು. ಹಾಡು ಬರೆದದ್ದು ಅವರ ಮಗ ಆರ್.ಎನ್. ಜಯಗೋಪಾಲ್. ತೆರೆಯ ಮೇಲೆ ಕುದುರೆ ಏರಿ ಹಾಡಿಗೆ ತುಟಿ ಚಲಿಸಿದ್ದು ಇನ್ನೊಬ್ಬ ಮಗ ಆರ್.ಎನ್. ಸುದರ್ಶನ್. ಇಷ್ಟು ಮನೆಯ ಮಾತಾಯಿತು. ಕಂಠ ಮಾತ್ರ ಕಾಕಿನಾಡದಲ್ಲಿ ಹುಟ್ಟಿದ, ತೆಲುಗು ಮನೆಮಾತಿನ ಪಿ.ಬಿ. ಶ್ರೀನಿವಾಸ್ ಅವರದು, ಸ್ವರ ಹಾಕಿದವರು ತಮಿಳು ಚಿತ್ರರಂಗದ ವಿಶ್ವನಾಥನ್-ರಾಮಮೂರ್ತಿ ಜೋಡಿ. ಕನ್ನಡ ಚಿತ್ರಗಳ ಕೆಲಸ ಬಹುಪಾಲು ಮದರಾಸಿನ ಸ್ಟುಡಿಯೊಗಳಲ್ಲೇ ಸಾಗುತ್ತಿದ್ದ ಕಾಲವದು. ಕನ್ನಡಿಗರ ಎದೆಯುಬ್ಬಿಸಿದ ಹಾಡಿಗೆ ನೆರೆಹೊರೆಯವರು ಜೀವ ಕೊಟ್ಟರೆಂದು ಯಾರೂ ಮುಖ ಸಿಂಡರಿಸಲಿಲ್ಲ. ಭಾಷಾಭಿಮಾನದ ಭಾಷಣಗಳಲ್ಲಿ ಈ ಸಂಗತಿ ಅಪರೂಪಕ್ಕೂ ಪ್ರಸ್ತಾಪವಾಗುವುದಿಲ್ಲ, ಆಗಬೇಕಿತ್ತು.

ಮೈಸೂರು ರಾಜ್ಯ 'ಕರ್ನಾಟಕ'ವಾದದ್ದು 1973ರ ನವೆಂಬರ್ 1ರಂದು. 'ಗಂಧದ ಗುಡಿ' ತೆರೆಕಂಡದ್ದೂ ಅದೇ ವರ್ಷ. ಅರಣ್ಯಾಧಿಕಾರಿಯ ಪಾತ್ರದ ರಾಜ್‌ಕುಮಾರ್‌ಗೆ ಕಂಠ ಮತ್ತೆ ಶ್ರೀನಿವಾಸ್ ಅವರದೇ, ಸಾಹಿತ್ಯ ಚಿ. ಉದಯಶಂಕರ್, ಸಂಗೀತ ರಾಜನ್-ನಾಗೇಂದ್ರ. ಹೊಸ ಹೆಸರು ಪಡೆದ ನಾಡಿಗೆ ಬೇಕಾಗಿದ್ದುದೂ ಇಂಥ ಹಾಡೇ. ಅದರಲ್ಲಿ ಶತ್ರುವಿಲ್ಲ, ಕತ್ತಿಯಿಲ್ಲ; ಕಾಡು, ಪ್ರಾಣಿ, ನುಡಿಗಳ ಮೇಲಿನ ಅಕ್ಕರೆಯಷ್ಟೇ. ಶಾಸ್ತ್ರೀಯ ತರಬೇತಿಯಿಲ್ಲದ ಗಂಟಲಿಗೂ ಒಗ್ಗುವ ಧಾಟಿ.

ಮುಂದೆ ರಾಜ್‌ಕುಮಾರ್ ತಾವೇ ಹಾಡತೊಡಗಿದರು. 1982ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ಅವರು ಬೀದಿಗಿಳಿದಾಗ ಭಾಷೆಯ ಚಳವಳಿ ಸಾಹಿತಿಗಳ ಸಭೆಯಿಂದ ಜನಸಾಮಾನ್ಯರ ಅಂಗಳಕ್ಕೆ ಬಂತು. ಅದೇ ವರ್ಷದ 'ಚಲಿಸುವ ಮೋಡಗಳು' ಚಿತ್ರದಲ್ಲಿ ಕನ್ನಡದ ಸವಿಯನ್ನು ಕುರಿತ ಹಾಡು ಅವರ ದನಿಯಲ್ಲೇ ಇತ್ತು. ತೆರೆಯ ಮೇಲಿನ ಮಾತಿಗೂ ಹೊರಗಿನ ನಡತೆಗೂ ಹೀಗೆ ಹೊಂದಿಕೆಯಾದದ್ದರಿಂದಲೇ ಆ ಹಾಡುಗಳು ಚಿತ್ರಮಂದಿರ ದಾಟಿ ಆರ್ಕೆಸ್ಟ್ರಾ ವೇದಿಕೆಗೆ, ಗಣೇಶನ ಪೆಂಡಾಲಿಗೆ, ಮದುವೆ ಮನೆಗೆ ಹೋದವು. 1993ರ 'ಆಕಸ್ಮಿಕ' ಚಿತ್ರಕ್ಕೆ ಹಂಸಲೇಖ ಬರೆದು ರಾಗ ಹಾಕಿದ ಹಾಡು ಇವೆಲ್ಲವನ್ನೂ ಮೀರಿಸಿತು. ಡಿವಿಜಿಯವರ ಕಗ್ಗದ ಜಟಕಾ ಬಂಡಿಯನ್ನು ಹಂಸಲೇಖ ಕುಣಿಯುವ ತಾಳಕ್ಕೆ ಹೂಡಿದ್ದರು. ಕಗ್ಗವನ್ನು ಓದದವರೂ ಅದರ ಉಪಮೆಯನ್ನು ಬಾಯಿಪಾಠ ಮಾಡಿದರು.

ಕವಿಗಳ ಗೀತೆಗಳಿಗೂ ಇವುಗಳಿಗೂ ವ್ಯತ್ಯಾಸವಿಲ್ಲದಿಲ್ಲ. ಏಕೀಕರಣದ ಗೀತೆ ಇನ್ನೂ ಬಾರದ ನಾಡನ್ನು ಬೇಡುತ್ತಿತ್ತು, ಕೇಳಿದವರ ಮೇಲೆ ಒಂದು ಹೊಣೆ ಬೀಳುತ್ತಿತ್ತು. ಚಿತ್ರಗೀತೆ ಕೈಗೆ ಬಂದ ನಾಡನ್ನು ಕೊಂಡಾಡುತ್ತದೆ. 'ನವೆಂಬರ್ ಕನ್ನಡಿಗರು' ಎಂಬ ಕುಹಕಕ್ಕೆ ಅದೂ ಒಂದಿಷ್ಟು ಎಡೆ ಮಾಡಿರಬಹುದು. ಆದರೆ ಸಾಹಿತ್ಯ ಸಮ್ಮೇಳನದತ್ತ ತಲೆ ಹಾಕದ ಲಕ್ಷಾಂತರ ಜನರಿಗೆ ನಾಡಿನ ಹೆಮ್ಮೆಯನ್ನು ಮುಟ್ಟಿಸಿದ್ದು ಈ ಹಾಡುಗಳೇ ಎಂಬುದನ್ನು ತಳ್ಳಿಹಾಕಲಾಗದು.

ಸರ್ಕಾರವೂ ಅದನ್ನು ಒಪ್ಪಿಕೊಂಡಿತು. 2021ರ ಅಕ್ಟೋಬರ್ 28ರಂದು ರಾಜ್ಯೋತ್ಸವದ ಅಂಗವಾಗಿ ಏರ್ಪಡಿಸಿದ ಲಕ್ಷ ಕಂಠಗಳ ಗಾಯನಕ್ಕೆ ಆರಿಸಿದ್ದು ಮೂರು ಹಾಡು: ಕುವೆಂಪು ಅವರ ಡಿಂಡಿಮದ ಕವಿತೆ, ನಿಸಾರ್ ಅಹಮದ್ ಅವರ 'ನಿತ್ಯೋತ್ಸವ', ಜೊತೆಗೆ 'ಆಕಸ್ಮಿಕ'ದ ಆ ಹಾಡು. ಅಂದು ದನಿಗೂಡಿಸಿದ ಶಾಲಾ ಮಕ್ಕಳಾರೂ ಆ ಚಿತ್ರ ಬಿಡುಗಡೆಯಾದಾಗ ಹುಟ್ಟಿಯೇ ಇರಲಿಲ್ಲ.